ಬಾದಾಮಿ ಮೈದಾನದ ಗೋಲುಕಂಬ

ಇಳಕಲ್ಲಿನಿಂದ ಹೊರಟ ಟೆಂಪೋ ಹುನಗುಂದ ದಾಟುವುದರೊಳಗೆ ಪ್ರತಿಸಲವೂ ಅದೇ ವಾದ ಶುರುವಾಗುತ್ತಿತ್ತು. ಬೇರೆ ಊರಿನ ಮೈದಾನಗಳಲ್ಲಿ ಯಾವುದು ಒಳ್ಳೆಯದು? ನಾವು ಆಡುವವರಲ್ಲ. ನಮ್ಮ ಓಣಿಯ ಹುಡುಗರ ಫುಟ್‌ಬಾಲ್ ತಂಡ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹಲಗೆ ವಾದ್ಯ ಹಿಡಿದುಕೊಂಡು ಹೋಗಿ ಬಾರಿಸಿ ಕೂಗುವವರು. ನಾನು ಗ್ರಾನೈಟ್ ಕಾರ್ಖಾನೆಯಲ್ಲಿ ಕೊಯ್ದ ಹಲಗೆಗಲ್ಲುಗಳ ಅಳತೆ ಹಿಡಿಯುತ್ತೇನೆ. ನನ್ನ ತಮ್ಮ ಅದೇ ಕಾರ್ಖಾನೆಯಲ್ಲಿ ಅವುಗಳನ್ನು ಲಾರಿಗೆ ಹೇರುತ್ತಾನೆ. ಟೆಂಪೋ ಓಡಿಸುವವರನ್ನು ಎಲ್ಲರೂ ಚಾಚಾ ಎನ್ನುತ್ತೇವೆ. ನಮ್ಮಲ್ಲಿ ಹಿರಿಯರು ಅವರೇ, ದೊಡ್ಡ ದನಿಯೂ ಅವರದೇ.

ಒಬ್ಬರು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜು ಮೈದಾನ ಎನ್ನುತ್ತಿದ್ದರು. ಸಪಾಟಾದ ನೆಲ, ಕುಡಿಯಲು ನಳದ ನೀರು.

“ಅಲ್ಲಿ ಹಲಗಿ ಗೇಟಿನ್ಯಾಗ ಇಟ್ಟು ಒಳಗ ಹೋಗಬೇಕು. ಒದರಾಕೂ ಪರವಾನಗಿ ಕೇಳಬೇಕು. ಅದು ಮ್ಯಾಚೋ, ದವಾಖಾನಿಯೋ?” ಎಂದು ಚಾಚಾ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತಾ ಕೇಳುತ್ತಿದ್ದರು.

“ಹಂಗಾರ ಹುನಗುಂದ?”

“ಹೋಗಲೇ. ಮಳಿಯಾದ ಮರದಿನ ಆಡಿದ್ವಿ, ನೆನಪಿಲ್ಲೇನು? ಚೆಂಡು ಬಿದ್ದಲ್ಲೇ ಕುಂತಿತ್ತು. ನೀ ಬರೂಮುಂದ ಕಾಲಿಗೆ ಅರ್ಧ ಎಕರೆ ಎರಿ ಹೊಲ ಅಂಟಿಸ್ಕೊಂಡು ಬಂದಿದ್ದಿ.”

ರಾಮಥಾಳದ ಬಯಲಿನ ಹೆಸರೂ ಬರುತ್ತಿತ್ತು. ಅಲ್ಲಿ ಚೆಂಡು ಪಕ್ಕದ ಹೊಲಕ್ಕೆ ಹೋಗಿ ಹನಿ ನೀರಾವರಿಯ ಕೊಳವೆಗಳ ನಡುವೆ ನಿಂತರೆ ಹೊಲದವರು ಅದನ್ನು ಬಗಲಲ್ಲಿ ಇಟ್ಟುಕೊಂಡು, ಯಾರು ಮುಂದಿದ್ದಾರೆ ಎಂದು ಕೇಳಿ ತಿಳಿದ ಮೇಲೆಯೇ ಒಗೆಯುತ್ತಿದ್ದರು. ಅದೂ ನಮಗೆ ಇಷ್ಟವೇ. ಆದರೂ ಅಮೀನಗಡ ಬರುವಷ್ಟರಲ್ಲಿ ಎಲ್ಲರ ಮಾತೂ ಬಾದಾಮಿಗೆ ಬಂದು ನಿಲ್ಲುತ್ತಿತ್ತು. ಈಗ ಯಾರಾದರೂ ಕೇಳಿದರೆ ಬಾದಾಮಿ ಎಂದು ಬಾಯಿ ತೆರೆಯುತ್ತೇನೆ. ಆಮೇಲೆ ಮುಂದೇನು ಹೇಳಬೇಕೆಂದು ತೋಚುವುದಿಲ್ಲ.

ಬಾದಾಮಿ ಯಾಕೆ ಎಂದರೆ, ಮೊದಲನೆಯದಾಗಿ ಗುಡ್ಡ. ಮೈದಾನ ಊರ ಹೊರಗಿದೆ, ಹಿಂದೆ ಕೆಂಪು ಗುಡ್ಡ ಗೋಡೆಯ ಹಾಗೆ ನಿಂತಿದೆ. ಹಲಗೆ ಬಾರಿಸಿದರೆ ಆ ಸಪ್ಪಳ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತದೆ. ಟೆಂಪೋದಲ್ಲಿ ಹಿಡಿಸುವಷ್ಟೇ ಮಂದಿ ನಾವು. ಆದರೆ ಅಲ್ಲಿ ಕೂಗಿದರೆ ಅರ್ಧ ಇಳಕಲ್ಲು ಬಂದಿದೆ ಎನ್ನಿಸುತ್ತಿತ್ತು. ಇನ್ನೊಂದು ಕಾರಣ ಅಲ್ಲಿನ ಕಾಕಾ. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಹೋಟೆಲು ಇಟ್ಟಿದ್ದಾರೆ, ಬಾದಾಮಿ ತಂಡದ ಹಿರಿಯರು. ಗೆದ್ದರೂ ಸೋತರೂ ಮ್ಯಾಚು ಮುಗಿದ ಮೇಲೆ ಎರಡೂ ಕಡೆಯವರನ್ನು ಕೂರಿಸಿ ಮಿರ್ಚಿ ಭಜಿ, ಚುರುಮುರಿ ಕೊಡುತ್ತಿದ್ದರು. ನಾವು ಸೋತ ದಿನ ತಟ್ಟೆಗೆ ಒಂದು ಭಜಿ ಹೆಚ್ಚಿಗೆ ಬೀಳುತ್ತಿತ್ತು. “ತಿನ್ರಿ, ತಿನ್ರಿ. ಒದರಿ ಒದರಿ ಗಂಟಲಾ ಒಣಗೇತಿ, ಗೋಲು ಮಾತ್ರ ಒಂದೂ ಆಗಲಿಲ್ಲ,” ಎನ್ನುತ್ತಿದ್ದರು.

ಅವರ ಮಗ ಬಾದಾಮಿಯ ಗೋಲ್‌ಕೀಪರ್. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಸಣ್ಣ ಬೆರಳಿನ, ಉದ್ದ ಕೈಗಳ ಹುಡುಗ. ನಾವು ಯಾವಾಗಲೂ ಅವನ ಗೋಲಿನ ಹಿಂದೆ ನಿಂತು ಇಡೀ ಹೊತ್ತು ಅವನನ್ನು ಕಾಡುತ್ತಿದ್ದೆವು. ಅದಕ್ಕೊಂದು ಪದ್ಧತಿ ಇತ್ತು. ಹೋಗುವಾಗ ಅಮೀನಗಡದಲ್ಲಿ ಟೆಂಪೋ ನಿಲ್ಲಿಸಿ ಒಂದು ಪೊಟ್ಟಣ ಕರದಂಟು ತೆಗೆದುಕೊಳ್ಳುವುದು, ಆಟ ಶುರುವಾಗುವ ಮುಂಚೆ ಅದನ್ನು ಅವನ ಕೈಯಲ್ಲಿ ಇಡುವುದು. ಚಾಚಾ ಅದಕ್ಕೆ ಬೈಗುಳದ ಮುಂಗಡ ಎಂದು ಹೆಸರಿಟ್ಟಿದ್ದರು. ಹುಡುಗ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಹೂಂ, ಈಗ ಬೈಯ್ರಿ,” ಎಂದು ಗೋಲಿಗೆ ಹೋಗಿ ನಿಲ್ಲುತ್ತಿದ್ದ. ತಾಯಿ ತಂದೆಯ ಮೇಲೆ ಹೋಗಬಾರದು, ಉಳಿದದ್ದೆಲ್ಲ ನಡೆಯುತ್ತಿತ್ತು. ಅವನ ಕೈಯನ್ನು ಜಿರಾಫೆಯ ಕುತ್ತಿಗೆ ಎನ್ನುತ್ತಿದ್ದೆವು. ಕಾರ್ನರ್ ಹೊಡೆಯುವಾಗ ಹಿಂದಿನಿಂದ ಜಾಳಿಗೆಯನ್ನೂ ಕಂಬವನ್ನೂ ಹಿಡಿದು ಅಲ್ಲಾಡಿಸುತ್ತಿದ್ದೆವು. ನನ್ನ ತಮ್ಮ ಮೈಯಲ್ಲಿ ದೊಡ್ಡವ, ಆ ಕೆಲಸ ಅವನದು. ಬಾದಾಮಿಯ ಗೋಲುಕಂಬಗಳು ನೆಲದಲ್ಲಿ ಹೂತ ಮರದ ದಿಮ್ಮಿಗಳು, ಅಲ್ಲಾಡಿಸಿದರೆ ಅಲ್ಲಾಡಿದಷ್ಟೇ. ಹುಡುಗನೂ ಸುಮ್ಮನಿರುತ್ತಿರಲಿಲ್ಲ. ಕಾರ್ನರ್ ಹೊಡೆಯುವ ಮುಂಚೆ ಎಗರಿ ಮೇಲಿನ ಅಡ್ಡಪಟ್ಟಿ ಹಿಡಿದು ಒಮ್ಮೆ ಜೋತಾಡಿ, ತಿರುಗಿ ನಮಗೆ ಹಲ್ಲು ತೋರಿಸಿ ಇಳಿಯುತ್ತಿದ್ದ.

ಕಳೆದ ಚಳಿಗಾಲದಲ್ಲಿ ಹೋದಾಗ ಮರದ ಕಂಬಗಳು ಇರಲಿಲ್ಲ. ಹೊಸದಾಗಿ ಕಬ್ಬಿಣದ ಪೈಪಿನಿಂದ ಮಾಡಿಸಿದ ಗೋಲುಗಳು ಬಂದಿದ್ದವು. ಎತ್ತಿ ಬೇಕಾದಲ್ಲಿ ಇಡಬಹುದಾದಂಥವು, ಹಿಂದೆ ನೆಲದ ಮೇಲೆ ಒಂದು ಪೈಪು ಮಲಗಿರುತ್ತದೆ. ಬಿಳಿ ಬಣ್ಣ ಬಳಿದಿದ್ದರು. ನಾವು ಮುಟ್ಟಿ ನೋಡಿ, ಚಲೋ ಆಗಿದೆ ಎಂದೆವು. ಅರ್ಧ ಆಟ ಮುಗಿಯುವವರೆಗೆ ನಾವಿದ್ದ ಕಡೆ ಬೇವಿನ ಗಿಡವಿತ್ತು, ಒಡ್ಡು ಇತ್ತು, ಕುಳಿತೆವು. ಆಮೇಲೆ ತಂಡಗಳು ಕಡೆ ಬದಲಿಸಿದವು. ಕೀಪರ್ ಆ ತುದಿಗೆ ಹೋದ, ಅವನ ಹಿಂದೆ ನಾವೂ ಹೋದೆವು. ಆ ತುದಿಯಲ್ಲಿ ನೆರಳೂ ಇರಲಿಲ್ಲ, ಕೂರಲು ಜಾಗವೂ ಇರಲಿಲ್ಲ. ಗೋಲಿನ ಹಿಂದಿನ ಪೈಪಿನ ಮೇಲೆ ಕೆಂಪು ಕಲ್ಲಿನ ಚಪ್ಪಡಿಗಳು ಸಾಲಾಗಿ ಇದ್ದವು.

ನಾವು ಕಲ್ಲಿನ ಊರಿನವರು. ಕಾರ್ಖಾನೆಯ ಅಂಗಳದಲ್ಲಿ ಕುರ್ಚಿ ಎಂಬುದು ಸಾಹುಕಾರರಿಗೆ ಮಾತ್ರ. ಊಟಕ್ಕೆ, ಚಹಾಕ್ಕೆ, ಜಗಳಕ್ಕೆ ನಾವು ಒಂದು ಮುರಿದ ಚಪ್ಪಡಿ ಎಳೆದುಕೊಂಡೇ ಕೂರುವುದು. ಸಪಾಟಾದ ಕಲ್ಲು ಕಂಡರೆ ಅದು ಯಾಕೆ ಅಲ್ಲಿದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಯಾರು ಮೊದಲು ಎಳೆದರು ಎಂದು ನನಗೆ ಹೇಳಲು ಬರುವುದಿಲ್ಲ. “ಅಣ್ಣಾರ, ಕುಂದರ್ರಿ,” ಎಂದು ಯಾರೋ ಒಂದನ್ನು ನನ್ನ ಕಾಲ ಬಳಿ ತಂದು ಹಾಕಿದರು. ನಾನು ಕುಳಿತೆ. ಅದು ಪೈಪಿನ ಮೇಲಿಂದ ಬಂದದ್ದೋ ಪಕ್ಕದಲ್ಲಿ ಬಿದ್ದದ್ದೋ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ಕಲ್ಲಿನ ಮೇಲಿದ್ದರು, ಪೈಪಿನ ಮೇಲೆ ಏನೂ ಇರಲಿಲ್ಲ. ಅಷ್ಟು ನನಗೆ ಖಚಿತವಾಗಿ ಗೊತ್ತು.

ನಮಗೆ ಕಾರ್ನರ್ ಸಿಕ್ಕಿತು. ಎಲ್ಲರೂ ಎದ್ದರು, ಫೋನುಗಳು ಚೆಂಡು ಇಟ್ಟಿದ್ದ ಮೂಲೆಯ ಕಡೆ ತಿರುಗಿದವು. ನಾನು ಕೀಪರನನ್ನು ನೋಡುತ್ತಿದ್ದೆ, ಅವನು ಹಲ್ಲು ತೋರಿಸುವುದು ನನಗೆ ಇಷ್ಟ. ಅವನು ಎಗರಿ ಅಡ್ಡಪಟ್ಟಿ ಹಿಡಿದದ್ದನ್ನು ಕಂಡೆ. ಅವನು ತಿರುಗಿ ನೋಡಲಿಲ್ಲ, ಅಥವಾ ನೋಡುವಷ್ಟರಲ್ಲಿ ಗೋಲು ಮುಂದಕ್ಕೆ ವಾಲಿತು. ಗೋಲಿನ ಒಂದು ಕಂಬದ ಹಿಂದೆ ನನ್ನ ತಮ್ಮ ಇದ್ದ. ಅವನ ಎರಡೂ ಕೈ ಆ ಕಂಬದ ಪೈಪಿನ ಮೇಲಿದ್ದವು. ಕೈಯ ನರಗಳು ಬಿಗಿದಿದ್ದವು. ಆಮೇಲೆ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು, ಅದು ಗುಡ್ಡಕ್ಕೆ ಹೋಗಿ ಇನ್ನೊಮ್ಮೆ ಬಂದದ್ದು. ಹುಡುಗ ಅಡ್ಡಪಟ್ಟಿಯ ಅಡಿಯಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದ. ಕೂಗಲಿಲ್ಲ. ಕೈ ಎಲ್ಲಿದೆ ಎಂದು ಹುಡುಕುವವನ ಹಾಗೆ ತನ್ನ ಎಡಗೈಯನ್ನು ನೋಡುತ್ತಿದ್ದ.

ಎತ್ತಿದವರು ಎರಡೂ ಕಡೆಯವರು. ಚಾಚಾನ ಟೆಂಪೋದಲ್ಲೇ ಬಾಗಲಕೋಟೆಗೆ ಒಯ್ದೆವು. ಎಡ ಹೆಗಲಿನ ಮುಂದಿನ ಕೊರಳೆಲುಬು ಮುರಿದಿತ್ತು. ಎಲುಬು ಕೂಡುತ್ತದೆ, ಆದರೆ ಹೆಗಲಿನಿಂದ ಕೈಗೆ ಹೋಗುವ ನರಕ್ಕೆ ಪೆಟ್ಟಾಗಿದೆ, ಬೆರಳುಗಳು ಯಾವಾಗ ಆಡುತ್ತವೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಸಣ್ಣ ಸ್ಕ್ರೂ ಹಿಡಿಯುವ ಬೆರಳುಗಳು.

ಕೆಲವು ದಿನಗಳಾದ ಮೇಲೆ ಕಾಕಾ ಫೋನು ಮಾಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು.

“ನಮ್ಮ ಮಂದಿ ಅಂತಾರ, ನಿನ್ನ ತಮ್ಮ ಕಂಬಾ ನೂಕಿದಾ ಅಂತ. ನೀ ಬಾಜೂಕ ಇದ್ದಿ. ನೀ ಸುಳ್ಳು ಹೇಳಾಂವಲ್ಲ. ನೀ ಏನ ಹೇಳತೀ ಅದನ್ನ ನಂಬತೇನಿ. ಒಂದ್ಸಲಾ ಬಂದು ಹೇಳಿ ಹೋಗು.”

ನಾನು ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಏನು ಹೇಳಲು ಹೋಗುತ್ತೇನೆ ಎಂದು ಯೋಚಿಸಿದೆ.

ತಮ್ಮ ಆ ದಿನದಿಂದ ಸುಮ್ಮನಾಗಿದ್ದ. ಕೆಲಸಕ್ಕೆ ಬರುತ್ತಿದ್ದ, ಹೇರುತ್ತಿದ್ದ, ಮನೆಗೆ ಹೋಗುತ್ತಿದ್ದ. ದಿನಕ್ಕೊಮ್ಮೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳುತ್ತಿದ್ದ. “ಅಣ್ಣಾ, ನೀ ನೋಡೀಯಲ್ಲಾ?” ನೋಡಿದೆ ಎಂದರೆ, “ಏನ ನೋಡಿದಿ?” ಎನ್ನುತ್ತಿದ್ದ. ಕೈ ಪೈಪಿನ ಮೇಲಿತ್ತು ಎಂದರೆ, “ಅದು ಖರೆ. ಮುಂದ?” ಎನ್ನುತ್ತಿದ್ದ. ನಾನು ತನ್ನ ಪರವಾಗಿ ಸಾಕ್ಷಿ ಹೇಳಲಿ ಎಂದು ಅವನು ಬಯಸುತ್ತಾನೆ ಎಂದುಕೊಂಡೆ. ಅಣ್ಣನಾದವನು ಅಷ್ಟು ಹೇಳಬಾರದೇ ಎಂದು ಒಳಗೇ ನೊಂದುಕೊಂಡಿದ್ದಾನೆ ಎಂದುಕೊಂಡೆ.

ಕಷ್ಟ ಇಷ್ಟೇ. ಗೋಲು ವಾಲುವ ಮೊದಲು ಅವನ ಕೈ ಅಲ್ಲಿದ್ದರೆ ಅವನು ಅಲ್ಲಾಡಿಸುತ್ತಿದ್ದ ಎಂದು ಅರ್ಥ. ವಾಲಿದ ಮೇಲೆ ಹೋಗಿದ್ದರೆ ಅದು ಬೀಳದಂತೆ ಹಿಂದಕ್ಕೆ ಎಳೆದು ಹಿಡಿಯುತ್ತಿದ್ದ ಎಂದು ಅರ್ಥ. ವಾಲಿದ ಗೋಲನ್ನೂ ಕಂಡಿದ್ದೆ, ಬಿಗಿದ ಕೈಯನ್ನೂ ಕಂಡಿದ್ದೆ. ಯಾವುದನ್ನು ಮೊದಲು ಕಂಡೆ? ಕಣ್ಣು ಮುಚ್ಚಿದರೆ ಒಮ್ಮೆ ಅದು ಮುಂದೆ ಬರುತ್ತಿತ್ತು, ಒಮ್ಮೆ ಇದು.

ಚಾಚಾಗೆ ಹೇಳಿದೆ. ಅವರು ಸ್ಟಿಯರಿಂಗ್ ಒರೆಸುತ್ತಾ ಹೇಳಿದರು:

“ನಿಮ್ಮ ಕಾರ್ಖಾನ್ಯಾಗ ಒಂದು ಮಾತೈತಲ್ಲಾ, ಬೀಳೂ ಕಲ್ಲಿಗೆ ಕೈ ಕೊಡಬಾರದು ಅಂತ.”

ಇದೆ. ಹೇರುವವರಿಗೆ ಮೊದಲ ದಿನವೇ ಹೇಳಿಕೊಡುವುದು ಅದನ್ನು. ಕಲ್ಲಿನ ಹಲಗೆ ಜಾರಿದರೆ ಹಿಡಿಯಲು ಹೋಗಬಾರದು, ಹಿಂದಕ್ಕೆ ಜಿಗಿಯಬೇಕು. ಹೋದರೆ ಕಲ್ಲು ಹೋಗಲಿ. ಹಿಡಿಯಲು ಹೋದವರ ಬೆರಳುಗಳು ಎಲ್ಲಿ ಹೋದವು ಎಂದು ನಮ್ಮ ಅಂಗಳದಲ್ಲಿ ಎಲ್ಲರಿಗೂ ಗೊತ್ತು. ನನ್ನ ತಮ್ಮನ ಕಾಲುಗಳಿಗೆ ಈ ಪಾಠ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಮನೆಯಲ್ಲಿ ನೀರಿನ ಕೊಡ ಜಾರಿದರೂ ಅವನು ಹಿಂದಕ್ಕೇ ಜಿಗಿಯುತ್ತಾನೆ.

“ಅಂದ ಮ್ಯಾಲ ಅಂವಾ ಹಿಡಿಯಾಕ ಹೋಗಿರಲಿಕ್ಕಿಲ್ಲ ಅಂತೀರೇನು?” ಎಂದೆ.

“ನಾ ಏನೂ ಅನ್ನೂದಿಲ್ಲಪಾ. ಕಲ್ಲಿನ ಕೆಳಗ ಮನಶ್ಯಾ ಇರೂದಿಲ್ಲ. ಅಲ್ಲಿ ಹುಡುಗ ಇದ್ದ. ಮನಶ್ಯಾ ಇದ್ದಾಗ ಕೈ ಏನ್ ಮಾಡತೈತೋ ಯಾರಿಗ್ಗೊತ್ತು?”

ಆ ಮಾತಿನಿಂದ ನನ್ನ ಗೊಂದಲ ಹೆಚ್ಚಾಯಿತು. ಮರುದಿನ ಬೆಳಗ್ಗೆ ನಮ್ಮ ಮನೆಯ ಕಬ್ಬಿಣದ ಗೇಟಿನ ಬಳಿ ಹೆಂಡತಿಯನ್ನು ನಿಲ್ಲಿಸಿದೆ. ಒಮ್ಮೆ ನೂಕು ಎಂದೆ, ಒಮ್ಮೆ ಎಳೆ ಎಂದೆ. ನಾನು ಒಂದು ಬದಿಗೆ ಕುಳಿತು ಅವಳ ಕೈಯನ್ನು ನೋಡಿದೆ.

“ಮುಂಜಾನೆದ್ದು ಗೇಟಿನ ಜೋಡಿ ಕುಸ್ತಿಗೆ ಬಿಟ್ಟೀರಲ್ರೀ, ಮಂದಿ ನೋಡಿದ್ರ ಏನಂದಾರು?”

“ಇನ್ನೊಮ್ಮೆ ನೂಕು.”

“ನೂಕತೇನಿ. ನಡುವ ನೀವು ನಿಂದರ್ರಿ.”

ನೂಕುವಾಗಲೂ ಎಳೆಯುವಾಗಲೂ ನರ ಬಿಗಿಯುತ್ತದೆ. ವ್ಯತ್ಯಾಸ ಹೆಬ್ಬೆರಳಿನಲ್ಲಿತ್ತು. ಎಳೆಯುವಾಗ ಅದು ಪೈಪನ್ನು ಸುತ್ತಿ ಬರುತ್ತದೆ, ನೂಕುವಾಗ ಸಡಿಲವಾಗಿ ಪಕ್ಕಕ್ಕೆ ಇರುತ್ತದೆ. ತಮ್ಮನ ಹೆಬ್ಬೆರಳು ಎಲ್ಲಿತ್ತು? ನಾನು ಅದನ್ನು ನೋಡಿರಲಿಲ್ಲ. ಅಥವಾ ನೋಡಿ, ಉಳಿಸಿಕೊಂಡಿರಲಿಲ್ಲ. ಅಳತೆ ಹಿಡಿದೇ ಹೊಟ್ಟೆ ಹೊರೆಯುವವನು ನಾನು. ಕಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ನನಗೆ ಕಾಣುತ್ತದೆ. ಕಾಣಲೇಬೇಕಾಗಿದ್ದ ಒಂದು ಹೆಬ್ಬೆರಳು ನನ್ನ ನೆನಪಿನಲ್ಲಿ ಇಲ್ಲ.

ಒಂದು ಭಾನುವಾರ ಬಾದಾಮಿಗೆ ಹೊರಟೆವು. ನಾನು, ತಮ್ಮ, ಚಾಚಾ. ಹಲಗೆ ಇರಲಿಲ್ಲ. ಅಮೀನಗಡದಲ್ಲಿ ಚಾಚಾ ವೇಗ ಕಡಿಮೆ ಮಾಡಿ, ನನ್ನ ಮುಖ ನೋಡಿ, ನಿಲ್ಲಿಸದೆ ಮುಂದೆ ಹೋದರು. ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತೋ, ನಿಲ್ಲಿಸದೆ ಹೋದದ್ದು ತಪ್ಪೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಿದ್ದರು. ಕೀಪರ್ ಹುಡುಗ ಒಳಗಿನ ಬೆಂಚಿನಲ್ಲಿ ಕೈಗೆ ಜೋಳಿಗೆಪಟ್ಟಿ ಹಾಕಿಕೊಂಡು ಕುಳಿತಿದ್ದ. ಕಾಕಾ ನಮ್ಮನ್ನು ಬರ್ರಿ ಎಂದರು, ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಪೈಪಿನ ಮೇಲಿನ ಕಲ್ಲುಗಳನ್ನು ತೆಗೆದವರು ನಾವು ಎಂದು ಮೊದಲು ಹೇಳಿದೆ. ಕೂರಲು ತೆಗೆದೆವು, ಅವು ಗೋಲನ್ನು ಹಿಡಿದಿಡಲು ಇಟ್ಟವು ಎಂದು ತಿಳಿಯಲಿಲ್ಲ, ನಾನೂ ಒಂದರ ಮೇಲೆ ಕುಳಿತಿದ್ದೆ ಎಂದೆ.

ಕಾಕಾ ಕಣ್ಣು ಸಣ್ಣದು ಮಾಡಿದರು. “ಕಲ್ಲು ಕೊಯ್ದು ಹೊಟ್ಟಿ ಹೊರಿಯೂ ಮಂದಿ ನೀವು. ನಿಮಗ ತಿಳೀಲಿಲ್ಲಾ?”

“ತಿಳೀಲಿಲ್ರಿ.”

“ನಮ್ಮ ಮಂದಿನೂ ನೋಡ್ಯಾರ ನೀವು ಕುಂತಿದ್ದು. ಅವರಿಗೂ ತಿಳೀಲಿಲ್ಲ,” ಎಂದ ಕೀಪರ್ ಒಳಗಿನಿಂದ. “ನಾನೂ ನೋಡೇನಿ. ಇಳಕಲ್ಲ ಮಂದಿ ಸಿಂಹಾಸನಾ ಹಾಕ್ಕೊಂಡ್ರಲೇ ಅಂತ ನಕ್ಕೇನಿ. ನಕ್ಕು ಹೋಗಿ ಜೋತು ಬಿದ್ದೇನಿ.”

ಕಾಕಾ ಮಗನ ಕಡೆ ತಿರುಗಿದರು. ಇದನ್ನು ಅವರು ಮೊದಲ ಸಲ ಕೇಳುತ್ತಿದ್ದರು ಎಂದು ಕಾಣುತ್ತದೆ. ತಿರುಗಿ ನನ್ನನ್ನು ಕೇಳಿದರು. “ಅದು ಹೋಗಲಿ. ಕಂಬದ ಮಾತು ಹೇಳು. ನೂಕಿದ್ನೋ, ಹಿಡಿದಿದ್ನೋ?”

ನನಗೆ ಗೊತ್ತಿಲ್ಲ ಎಂದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ: ವಾಲಿದ ಗೋಲು, ಬಿಗಿದ ಕೈ, ಯಾವುದು ಮೊದಲು ಎಂಬುದು ಮಾತ್ರ ನೆನಪಿನಲ್ಲಿಲ್ಲ.

“ಗೊತ್ತಿಲ್ಲಾ ಅನ್ನಾಕ ಇಳಕಲ್ಲಿನಿಂದ ಇಲ್ಲೀತನಕ ಬಂದಿ?”

“ಹೌದ್ರಿ.”

“ಹಿಡಿದಾ ಅಂದಿದ್ರ ನಂಬತಿದ್ನೆಲ್ಲೋ!” ಎಂದರು ಕಾಕಾ. “ನಂಬಾಕ ತಯಾರಾಗಿ ಕುಂತಿದ್ದೆ. ನೂಕಿದಾ ಅಂದಿದ್ರೂ ಬೈದು ಹಗುರಾಗತಿದ್ದೆ. ಈಗ ನಾ ಏನ ಮಾಡ್ಲಿ?”

ಆಗ ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮ ಒಳಗೆ ಬಂದ. ನಾನು ಹೇಳದೆ ಬಿಟ್ಟದ್ದನ್ನು ಅವನೇ ಹೇಳುತ್ತಾನೆ, ತಾನು ಹಿಡಿಯಲು ಹೋಗಿದ್ದೆ ಎಂದು ಕೂಗುತ್ತಾನೆ ಎಂದುಕೊಂಡೆ. ಅವನು ಕಾಕಾನನ್ನು ನೋಡಲಿಲ್ಲ. ಬೆಂಚಿನ ಹತ್ತಿರ ಹೋಗಿ ಹುಡುಗನ ಮುಂದೆ ನಿಂತ.

“ನನಗೂ ಗೊತ್ತಿಲ್ಲೋ,” ಎಂದ.

ಹುಡುಗ ತಲೆಯೆತ್ತಿದ.

“ಕಾರ್ನರ್ ಅಂದ್ರ ಕೈ ತಾನಾ ಹೋಗತೈತಿ. ಹೋಗಿತ್ತೋ ಇಲ್ಲೋ ಗೊತ್ತಿಲ್ಲ. ಬೀಳತೈತಿ ಅಂತ ಹಿಡಿದೆ ಅಂತ ಒಂದ್ಸಲ ಅನಸತೈತಿ. ನಾ ಅಲ್ಲಾಡಿಸಿದ್ದಕ್ಕ ಬಿತ್ತು ಅಂತ ಇನ್ನೊಂದ್ಸಲ. ಅಣ್ಣ ನೋಡ್ಯಾನ ಅಂತ ದಿನಾ ಅವನ್ನ ಕೇಳೇನಿ. ನನಗ ಗೊತ್ತಿದ್ರ ಅವನ್ನ ಯಾಕ ಕೇಳತಿದ್ದೆ?”

ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತೆ. ಅಷ್ಟು ದಿನವೂ ಅವನು ನನ್ನಿಂದ ಸಾಕ್ಷಿಯನ್ನು ಬೇಡುತ್ತಿದ್ದಾನೆ ಎಂದು ತಿಳಿದಿದ್ದೆ. ಅವನು ಕೇಳುತ್ತಿದ್ದುದು ಸುದ್ದಿಯನ್ನು. ತನ್ನ ಕೈ ಏನು ಮಾಡಿತು ಎಂಬ ಸುದ್ದಿ. ಅದನ್ನು ಕೊಡಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ ಇದ್ದೆ, ನನ್ನ ಹತ್ತಿರ ಅದು ಇರಲಿಲ್ಲ.

ಒಲೆಯ ಮೇಲೆ ಹಾಲು ಉಕ್ಕಿತು. ಕಾಕಾ ಓಡಿಹೋಗಿ ಇಳಿಸಿದರು. ಇಳಿಸಿದ ಮೇಲೆ ಅಲ್ಲೇ ಬೆನ್ನು ತಿರುಗಿಸಿ ನಿಂತರು. ಚಾಚಾ ಬಾಗಿಲಲ್ಲಿ ಟೋಪಿ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಕೀಪರ್ ಹುಡುಗ ತಮ್ಮನನ್ನು ನೋಡುತ್ತಲೇ ಇದ್ದ. ಅವನ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ, ಕ್ಷಮೆಯೂ ಕಾಣಲಿಲ್ಲ.

“ನಾ ಜೋತು ಬಿದ್ದಾಗ ಹಿಂದ ಏನೋ ಜಗ್ಗಿದಂಗ ಆತು,” ಎಂದ. “ನೀ ಜಗ್ಗಿದಿಯೋ, ನನ್ನ ಭಾರಕ್ಕ ಆತೋ, ನನಗೂ ಹೇಳಾಕ ಬರೂದಿಲ್ಲ. ಈಗ ಒಂದು ಮಾತು ಹೇಳತೇನಿ. ನಾ ಗೋಲಿನ್ಯಾಗ ನಿಲ್ಲೂತನಕ ನೀವು ಇಲ್ಲಿಗೆ ಬರಬ್ಯಾಡ್ರಿ. ನಿಮ್ಮ ಹುಡುಗೂರು ಬಂದು ಆಡ್ಲಿ. ನೀವು ಬರಬ್ಯಾಡ್ರಿ. ನಾ ನಿಂತ ದಿನ ಬರ್ರಿ.”

“ಯಾವಾಗ ನಿಲ್ಲತೀ?” ಎಂದ ತಮ್ಮ.

“ಅದನ್ನ ಡಾಕ್ಟರಗ ಕೇಳು.”

ಕಾಕಾ ಚಹಾ ಕೊಟ್ಟರು. ಕುಡಿದೆವು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಹೋಟೆಲಿನಲ್ಲಿ ಯಾರೂ ಯಾರನ್ನೂ ಕಿಚಾಯಿಸಲಿಲ್ಲ. ಬರುವಾಗ ತಮ್ಮ ಮುಂದಿನ ಸೀಟಿನಲ್ಲಿ ಕುಳಿತ, ನಾನು ಹಿಂದೆ. ಹುನಗುಂದದವರೆಗೂ ಅವನ ತಲೆಯ ಹಿಂಭಾಗವನ್ನೇ ನೋಡುತ್ತಾ ಬಂದೆ. ಅವನು ನಿದ್ದೆ ಹೋಗಿದ್ದನೋ ಎಚ್ಚರವಿದ್ದನೋ ಗೊತ್ತಾಗಲಿಲ್ಲ.

ಅದಾದ ಮೇಲೆ ಅವನು ನನ್ನನ್ನು ಆ ಪ್ರಶ್ನೆ ಕೇಳಿಲ್ಲ. ವಾರಕ್ಕೊಮ್ಮೆ ಬಾದಾಮಿಗೆ ಫೋನು ಮಾಡುತ್ತಾನೆ. ಕೀಪರ್ ಹುಡುಗ ಒಮ್ಮೊಮ್ಮೆ ಎತ್ತುತ್ತಾನೆ, ಒಮ್ಮೊಮ್ಮೆ ಇಲ್ಲ. ಎತ್ತಿದರೆ ಮಾತು ಬೆರಳಿನದು. ಕಿರುಬೆರಳು ತುಸು ಮಡಚುತ್ತದಂತೆ. ಹೆಬ್ಬೆರಳು ಇನ್ನೂ ಇಲ್ಲ.

ಈ ಮಳೆಗಾಲ ಮುಗಿದ ಮೇಲೆ ನಮ್ಮ ತಂಡಕ್ಕೆ ಮತ್ತೆ ಬಾದಾಮಿಯಲ್ಲಿ ಮ್ಯಾಚು ಬಂತು. ಹುಡುಗರು ಮಾತ್ರ ಹೋದರು. ಟೆಂಪೋ ಓಡಿಸಬೇಕಲ್ಲ ಎಂದು ಚಾಚಾ ಹೋದರು, ಮೈದಾನದ ಒಳಗೆ ಕಾಲಿಡುವುದಿಲ್ಲ, ರಸ್ತೆಯ ಮೇಲೇ ನಿಲ್ಲುತ್ತೇನೆ ಎಂದು ಹೇಳಿ ಹೋದರು. ನಾನೂ ತಮ್ಮನೂ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಇಂಥ ದಿನ ನಾವು ಊರಲ್ಲಿ ಇದ್ದದ್ದೇ ಇಲ್ಲ. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಫೋನು ಬಂತು. ತಮ್ಮ ಎತ್ತಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

“ರಸ್ತೇದ ಮ್ಯಾಲಿಂದ ನೋಡಾಕತ್ತೇನಿ,” ಎಂದರು ಚಾಚಾ. ಗಾಳಿಯ ಸದ್ದು ಬಹಳವಿತ್ತು. “ಬಾದಾಮಿ ಗೋಲಿನ್ಯಾಗ ಹೊಸಾ ಕೀಪರ್ ನಿಂತಾನ. ನಮ್ಮ ಹುಡುಗ ಅಲ್ಲ.”

ತಮ್ಮ ಫೋನನ್ನು ಬಾಯಿಯ ಹತ್ತಿರ ತಂದ. “ಮೈದಾನದ ಸುತ್ತಮುತ್ತ ಎಲ್ಲ್ಯಾರ ಇದ್ದಾನೇನು ನೋಡ್ರಿ, ಚಾಚಾ,” ಎಂದ.

“ನೋಡಿದ್ನೆಪಾ. ಕಾಣವಲ್ಲ.”

ತಮ್ಮ ಆಯಿತು ಎಂದು ಫೋನು ಇಟ್ಟ. ಯಾರು ಗೆದ್ದರು ಎಂದು ಸಂಜೆ ಹುಡುಗರು ಮರಳಿ ಬರುವವರೆಗೂ ನಾವು ಕೇಳಲಿಲ್ಲ.